ವಾಜಿರ್ ಸಂತೆಯ ಹೆಂಗಸರು

ಬಂದೂಕು ಹಿಡಿದ ಜಗಳವನ್ನು ಸಂತೆಯಿಂದ ಬಿಡಿಸೋಕೆ ಆಗುತ್ತಾ? ಕೆನ್ಯಾದ ವಾಜಿರ್‌ನಲ್ಲಿ ಹೆಂಗಸರು ಅಲ್ಲಿಂದಲೇ ಶುರು ಮಾಡಿದರು.

ಸೊಮಾಲಿಯಾ ಗಡಿಯ ಒಣನೆಲ ಇದು. ಒಂಟೆ, ದನ, ಕುರಿ ಮೇಯಿಸುವ ಸೊಮಾಲಿ ಕುಲಗಳ ಸೀಮೆ. 1990ರ ದಶಕದ ಆರಂಭದಲ್ಲಿ ಬರ ಬಂದು ಜಾನುವಾರು ಸತ್ತವು. ಅತ್ತ ಸೊಮಾಲಿಯಾದಲ್ಲಿ ಸರ್ಕಾರ ಕುಸಿದು, ಬಂದೂಕುಗಳು ಗಡಿ ದಾಟಿ ಬಂದವು. ನೀರು, ಹುಲ್ಲಿನ ಹಳೇ ತಂಟೆ ಕೊಲೆಗಳಿಗೆ ತಿರುಗಿತು.

ಸಂತೆಯೂ ಒಡೆಯಿತು. ಆ ಕುಲದವಳ ಹತ್ತಿರ ಕೊಳ್ಳಬೇಡ, ಈ ಕುಲದವಳಿಗೆ ಮಾರಬೇಡ! ವಾಜಿರ್‌ನವರೇ ಆದ ದೇಖಾ ಇಬ್ರಾಹಿಂ ಅಬ್ದಿ ಮತ್ತು ಗೆಳತಿಯರು ಒಂದು ನಿಯಮಕ್ಕೆ ಎಲ್ಲರನ್ನೂ ಒಪ್ಪಿಸಿದರು: ಯಾವ ಕುಲದವರಾದರೂ ಸರಿ, ಇಲ್ಲಿ ವ್ಯಾಪಾರ ಮಾಡಬಹುದು. ಅದು ನಡೆಯುತ್ತಿದೆಯೇ ಎಂದು ನೋಡಲು ತಮ್ಮವರನ್ನೇ ನಿಲ್ಲಿಸಿದರು.

ಆಮೇಲೆ ಹೆಂಗಸರು ಕುಲದ ಹಿರಿಯರ ಬಳಿ ಹೋದರು. ದೊಡ್ಡ ಕುಲಗಳ ಯಜಮಾನರು ಒಬ್ಬರ ಮಾತು ಒಬ್ಬರು ಕೇಳುವವರಲ್ಲ. ಅದಕ್ಕೇ ಮಾತುಕತೆಗೆ ಮುಂದೆ ಬಂದದ್ದು ಸಣ್ಣ ಕುಲದ ಹಿರಿಯರು. ಅವರಿಂದ ಯಾರಿಗೂ ಭಯವಿಲ್ಲ. ಪಂಚಾಯಿತಿ ಕಟ್ಟೆ ಕಂಡವರಿಗೆ ಈ ಲೆಕ್ಕಾಚಾರ ಚೆನ್ನಾಗಿ ಗೊತ್ತು! 1993ರಲ್ಲಿ ಅಲ್-ಫತಾಹ್ ಎಂಬ ಶಾಂತಿ ಘೋಷಣೆಗೆ ಹಿರಿಯರು ಒಪ್ಪಿದರು.

1995ರಲ್ಲಿ ಜಿಲ್ಲಾಡಳಿತದ ಭಾಗವಾಗಿಯೇ ಶಾಂತಿ ಸಮಿತಿ ಬಂತು. ದನ ಕದ್ದ ಸುದ್ದಿ ಬಂದರೆ ಸಾಕು, ಹಿರಿಯರು, ಹೆಂಗಸರು, ಧಾರ್ಮಿಕ ಮುಖಂಡರು, ಅಧಿಕಾರಿಗಳು ಒಟ್ಟಿಗೇ ಹೊರಡುತ್ತಿದ್ದರು. ಸೇಡಿಗೆ ಸಮಯ ಸಿಗಬಾರದು, ಅಷ್ಟೇ.

ಹಿಂಸೆ ಪೂರ್ತಿ ನಿಲ್ಲಲಿಲ್ಲ. 1998ರಲ್ಲಿ ವಾಜಿರ್‌ನ ಬಗಾಲ್ಲಾದಲ್ಲಿ ಮತ್ತೆ ಹತ್ಯಾಕಾಂಡ ನಡೆಯಿತು. ಆದರೂ ವಾಜಿರ್ ಮಾದರಿಯ ಸಮಿತಿಗಳು ಕೆನ್ಯಾದ ಬೇರೆ ಜಿಲ್ಲೆಗಳಿಗೂ ಹಬ್ಬಿದವು. ದೇಖಾ ಅವರಿಗೆ 2007ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಿಕ್ಕಿತು.