ಹೆಸರು ಹಿಡಿದು ಕರೆದರೆ ಓಡುವ ರೈಲು

ಮಾದರಿ ರೈಲು ಎಂದೊಡನೆ ಅದು ಮಕ್ಕಳ ಆಟಿಕೆಯೆಂದು ಮುಗುಳ್ನಗುವವರೇ ನಮ್ಮಲ್ಲಿ ಹೆಚ್ಚು. ಯೂರೋಪು, ಅಮೆರಿಕ, ಜಪಾನುಗಳಲ್ಲಾದರೋ ಅದು ದೊಡ್ಡವರು ಶ್ರದ್ಧೆಯಿಂದ ನಡೆಸಿಕೊಂಡು ಬಂದಿರುವ ಹವ್ಯಾಸ. ಬಹುಮಂದಿ ಬಳಸುವ ಎಚ್.ಓ. ಎಂಬ ಅಳತೆಯಲ್ಲಿ ಎಂಜಿನ್ನು ನಿಜವಾದ ಎಂಜಿನ್ನಿನ ೮೭ನೆಯ ಒಂದು ಪಾಲಿನಷ್ಟಿರುತ್ತದೆ. ಹಳಿಗಳ ನಡುವಣ ಅಂತರ ೧೬.೫ ಮಿಲಿಮೀಟರು. ಈ ಪುಟ್ಟ ಯಂತ್ರಗಳ ಹೊಟ್ಟೆಯೊಳಕ್ಕೆ ಕೆಲವು ದಶಕಗಳಿಂದ ಒಂದು ಭಾಷೆಯೇ ಪ್ರವೇಶಿಸಿದೆ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇದರಲ್ಲೇನು ಆಸಕ್ತಿ ಎಂದು ತಾವು ಕೇಳಬಹುದು. ಆ ಭಾಷೆಯ ಕಟ್ಟಡವು ನಮ್ಮ ಛಂದಸ್ಸಿಗೆ ಎಷ್ಟು ಹತ್ತಿರದ್ದೆಂಬುದೇ ನನ್ನ ಆಸಕ್ತಿಗೆ ಕಾರಣ.

ಮೊದಲು ಹಳೆಯ ಕ್ರಮವನ್ನು ನೋಡೋಣ. ಎರಡು ಹಳಿಗಳಲ್ಲಿ ವಿದ್ಯುತ್ತನ್ನು ಹರಿಸುತ್ತಿದ್ದರು. ಒತ್ತಡ ಹೆಚ್ಚಿದರೆ ಎಂಜಿನ್ನಿನ ವೇಗ ಹೆಚ್ಚುತ್ತಿತ್ತು. ಹಳಿಗಳ ಧನ, ಋಣಗಳನ್ನು ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ ಸರಿಯುತ್ತಿತ್ತು. ಒಂದೇ ಎಂಜಿನ್ನು ಇದ್ದಾಗ ಇದು ಸುಲಭ. ಅದೇ ಹಳಿಯ ಮೇಲೆ ಎರಡನ್ನಿಟ್ಟರೆ ಎರಡೂ ಒಟ್ಟಿಗೆ ಹೊರಡುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ನಡೆಸಬೇಕಾದರೆ ಹಳಿಯನ್ನು ತುಂಡುತುಂಡಾಗಿ ಬೇರ್ಪಡಿಸಿ, ಒಂದೊಂದು ತುಂಡಿಗೂ ಒಂದೊಂದು ಸ್ವಿಚ್ಚು ಇಡಬೇಕಾಗಿತ್ತು. ಹವ್ಯಾಸಿಯು ಗಾಡಿಯನ್ನು ನಡೆಸುವ ಬದಲು ಹಳಿಯ ತುಂಡುಗಳನ್ನೇ ನಡೆಸುತ್ತ ಕೂರುವಂತಾಗಿತ್ತು.

ಡಿಜಿಟಲ್ ನಿಯಂತ್ರಣವು ಈ ಸಂಬಂಧವನ್ನೇ ಬದಲಿಸಿತು. ಇಲ್ಲಿ ಹಳಿಯ ತುಂಬ ಪೂರ್ಣ ಶಕ್ತಿ ಸದಾ ಇರುತ್ತದೆ, ಎಲ್ಲ ಎಂಜಿನ್ನುಗಳಿಗೂ ಸಮಾನವಾಗಿ. ಆ ಶಕ್ತಿಯ ಜೊತೆಯಲ್ಲಿಯೇ ಮಾತೂ ಹರಿಯುತ್ತದೆ. ಪ್ರತಿಯೊಂದು ಎಂಜಿನ್ನಿನೊಳಗೂ ಬೆರಳುಗುರಿನಷ್ಟು ಅಗಲದ ಒಂದು ಫಲಕ, ಅಂದರೆ ಡಿಕೋಡರು, ಕುಳಿತಿರುತ್ತದೆ. ಅದು ಹಳಿಯ ಮಾತನ್ನೆಲ್ಲ ಕೇಳುತ್ತದೆ. ತನ್ನ ಹೆಸರು ಬಂದಾಗ ಮಾತ್ರ ಓಗೊಡುತ್ತದೆ.

ಮಾತು ಎಂದೆನಲ್ಲ, ಅದರ ಸ್ವರೂಪ ಹೀಗಿದೆ. ಹಳಿಗಳಲ್ಲಿ ಧನ, ಋಣಗಳು ಎಡೆಬಿಡದೆ ಸ್ಥಾನ ಬದಲಿಸುತ್ತಿರುತ್ತವೆ. ಈ ಬದಲಾವಣೆ ೫೮ ಮೈಕ್ರೋಸೆಕೆಂಡಿಗೊಮ್ಮೆ ಆದರೆ ಅದು 'ಒಂದು'. ೧೦೦ ಅಥವಾ ಹೆಚ್ಚು ಮೈಕ್ರೋಸೆಕೆಂಡು ಹಿಡಿದರೆ ಅದು 'ಸೊನ್ನೆ'. ಮೈಕ್ರೋಸೆಕೆಂಡೆಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು. ಒಂದು ಹ್ರಸ್ವ, ಇನ್ನೊಂದು ದೀರ್ಘ. ಲಘು, ಗುರು ಎನ್ನಲು ಇನ್ನೇನು ಬೇಕು? ಮೂರು ಸ್ಥಾನಗಳಲ್ಲಿ ಲಘುಗುರುಗಳನ್ನು ಪ್ರಸ್ತಾರ ಹಾಕಿದರೆ ಎಂಟು ಗಣಗಳು ದೊರೆಯುವುದನ್ನು ನಾವು ಬಲ್ಲೆವು. ಈ ಭಾಷೆಯ ಪದದಲ್ಲಿ ಎಂಟು ಸ್ಥಾನಗಳಿರುವುದರಿಂದ ೨೫೬ ರೂಪಗಳು ಸಾಧ್ಯ.

ವಾಕ್ಯರಚನೆಯೂ ಸರಳವೇ. ಮಾತಿಗೆ ಮುನ್ನ ಗಂಟಲು ಸರಿಪಡಿಸಿಕೊಂಡಂತೆ ಕನಿಷ್ಠ ೧೪ ಲಘುಗಳು ಬರುತ್ತವೆ. ಆಮೇಲೆ ಸಂಬೋಧನೆ, ಅಂದರೆ ಎಂಜಿನ್ನಿನ ವಿಳಾಸಸಂಖ್ಯೆ. ಅನಂತರ ಕ್ರಿಯಾಪದ: ಇಷ್ಟು ವೇಗದಲ್ಲಿ ಮುಂದೆ ಹೋಗು, ಅಥವಾ ದೀಪ ಹಚ್ಚು. ಕೊನೆಯದು ತಾಳೆ ನೋಡುವ ಪದ. ಹಿಂದಿನೆರಡು ಪದಗಳನ್ನು ಸ್ಥಾನಕ್ಕೆ ಸ್ಥಾನ ಹೋಲಿಸಿ, ಒಂದೇ ಬಗೆಯಿದ್ದೆಡೆ ಗುರು, ಬೇರೆಯಿದ್ದೆಡೆ ಲಘು ಇಟ್ಟು ಅದನ್ನು ರಚಿಸಿರುತ್ತಾರೆ. ಲೆಕ್ಕ ಹೊಂದದಿದ್ದರೆ, ಮಾತ್ರೆ ತಪ್ಪಿದ ಪದ್ಯವನ್ನು ವಿದ್ವಾಂಸನು ಒಪ್ಪದಿರುವಂತೆ ಡಿಕೋಡರು ಆ ವಾಕ್ಯವನ್ನು ಕೈಬಿಡುತ್ತದೆ. ಸೆಕೆಂಡಿಗೆ ನೂರಕ್ಕೂ ಮಿಕ್ಕಿ ವಾಕ್ಯಗಳು ಹರಿಯುವುದರಿಂದ ಹಳಿಯ ಧೂಳಿನಲ್ಲಿ ಒಂದು ಕಳೆದುಹೋದರೂ ಮರುಕ್ಷಣದಲ್ಲಿ ಅದೇ ಮಾತು ಮತ್ತೆ ಬರುತ್ತದೆ.

ಈ ವ್ಯಾಕರಣ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಬ್ರಿಟನ್ನಿನ ಹಾರ್ನ್‌ಬಿ ಸಂಸ್ಥೆ ೧೯೭೯ರಲ್ಲಿ ಹೊರತಂದ 'ಜೀರೋ ಒನ್' ಎಂಬ ಏರ್ಪಾಟು ೧೬ ಎಂಜಿನ್ನುಗಳನ್ನು ಬೇರೆಬೇರೆಯಾಗಿ ನಡೆಸಬಲ್ಲದಾಗಿತ್ತು. ಜರ್ಮನಿಯ ಮಾರ್ಕ್ಲಿನ್ ೧೯೮೦ರ ದಶಕದ ನಡುವಿನಲ್ಲಿ ತನ್ನದೊಂದನ್ನು ತಂದಿತು. ಒಬ್ಬರ ಭಾಷೆ ಇನ್ನೊಬ್ಬರ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ೧೯೩೫ರಲ್ಲಿ ಸ್ಥಾಪಿತವಾದ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘವು, ಜರ್ಮನಿಯ ಲೆನ್ಜ್ ಸಂಸ್ಥೆಯ ಕ್ರಮವನ್ನು ಆಧಾರವಾಗಿಟ್ಟುಕೊಂಡು ೧೯೯೦ರ ದಶಕದಲ್ಲಿ ಎಲ್ಲರಿಗೂ ಸಲ್ಲುವ ಪ್ರಮಾಣವನ್ನು ಗೊತ್ತುಪಡಿಸಿತು. ಡಿ.ಸಿ.ಸಿ. ಎಂದು ಹೆಸರಾದುದು ಇದೇ. ಒಬ್ಬರ ಡಿಕೋಡರನ್ನು ಇನ್ನೊಬ್ಬರ ಎಂಜಿನ್ನಿನಲ್ಲಿ ಕೂರಿಸಲು ಇದರಿಂದ ಸಾಧ್ಯವಾಯಿತು.

ಕೂರಿಸುವುದೇನೋ ಸರಿ, ಆದರೆ ಎಚ್ಚರ ಬೇಕು. ಹಳೆಯ ಎಂಜಿನ್ನುಗಳಲ್ಲಿ ಮೋಟಾರಿನ ಒಂದು ತುದಿ ಲೋಹದ ಚೌಕಟ್ಟಿಗೆ ತಾಗಿಕೊಂಡಿರುವುದು ಸಾಮಾನ್ಯ. ಅದನ್ನು ಸಂಪೂರ್ಣವಾಗಿ ಬಿಡಿಸಬೇಕು. ಹಳಿಯ ವಿದ್ಯುತ್ತು ಕೆಂಪು, ಕಪ್ಪು ತಂತಿಗಳಲ್ಲಿ ಡಿಕೋಡರಿಗೆ ಬಂದು, ಅಲ್ಲಿಂದ ಕಿತ್ತಳೆ, ಬೂದು ಬಣ್ಣದ ತಂತಿಗಳಲ್ಲಿ ಮಾತ್ರವೇ ಮೋಟಾರಿಗೆ ಹೋಗತಕ್ಕದ್ದು. ಬೇರೊಂದು ಕಳ್ಳದಾರಿ ಉಳಿದಿದ್ದರೆ ಡಿಕೋಡರು ಮೊದಲ ಕ್ಷಣದಲ್ಲಿಯೇ ಸುಟ್ಟುಹೋಗಬಹುದು. ಆದುದರಿಂದ ಮಿತವಾದ ವಿದ್ಯುತ್ತಿರುವ ಪರೀಕ್ಷೆಯ ಹಳಿಯ ಮೇಲೆ ಮೊದಲು ನೋಡುವುದು ಜಾಣತನ. ಅಲ್ಲಿಯೇ ನಾಮಕರಣವೂ ಆಗಬೇಕು. ಹೊಸ ಡಿಕೋಡರುಗಳ ಹುಟ್ಟುಹೆಸರು ಸಾಮಾನ್ಯವಾಗಿ '೩'. ಹೆಸರು ಬದಲಿಸದೆ ಎರಡನ್ನು ಹಳಿಗಿಟ್ಟರೆ, ಒಂದೇ ಕರೆಗೆ ಎರಡೂ ಓಡತೊಡಗುತ್ತವೆ.

ಇನ್ನು ಪಾಯಿಂಟುಗಳು, ಅಂದರೆ ಗಾಡಿಯನ್ನು ಒಂದು ದಾರಿಯಿಂದ ಇನ್ನೊಂದಕ್ಕೆ ತಿರುಗಿಸುವ ಹಳಿಯ ನಾಲಗೆಗಳು. ಇವನ್ನು ಸರಿಸಲು ಎರಡು ತಂತಿಸುರುಳಿಗಳಿರುತ್ತವೆ. ಸುರುಳಿಗೆ ಕ್ಷಣಮಾತ್ರ ವಿದ್ಯುತ್ತು ಸಾಕು. ಹೆಚ್ಚು ಹೊತ್ತು ಹರಿದರೆ ಅದು ಕಾದು ಕೆಡುತ್ತದೆ. ಆದುದರಿಂದ ಪಾಯಿಂಟಿನ ಡಿಕೋಡರು ಒಂದು ತಟ್ಟು ತಟ್ಟಿ ಸುಮ್ಮನಾಗುತ್ತದೆ. ಎರಡು ದಾರಿಗಳ ಹಳಿಗಳು ಒಂದನ್ನೊಂದು ಸಂಧಿಸುವ ಲೋಹದ ಮೂಲೆಯ ವಿದ್ಯುತ್ತೂ ನಾಲಗೆಯೊಡನೆಯೇ ಬದಲಾಗಬೇಕು. ಇಲ್ಲದಿದ್ದರೆ ಗಾಲಿ ಅಲ್ಲಿಗೆ ಬಂದೊಡನೆ ಶಾರ್ಟ್ ಸರ್ಕ್ಯೂಟ್ ಆಗಿ, ಆ ಹಳಿಗಳ ಮೇಲಿನ ಗಾಡಿಗಳೆಲ್ಲ ನಿಂತುಹೋಗುತ್ತವೆ.

ಆದರೆ ಈ ಏರ್ಪಾಟಿನಲ್ಲಿ ಒಂದು ಕೊರತೆಯುಂಟು. ಆಜ್ಞೆ ಹೋಗುತ್ತದೆ, ಪಾಯಿಂಟು ತಿರುಗಿತೆ ಎಂಬುದಕ್ಕೆ ಉತ್ತರ ತಾನಾಗಿ ಬರುವುದಿಲ್ಲ. ಒಂದು ಕಲ್ಲುಚೂರು ಸಿಕ್ಕಿಕೊಂಡು ನಾಲಗೆ ಅರ್ಧಕ್ಕೇ ನಿಂತರೂ ನಿಯಂತ್ರಣದ ಪೆಟ್ಟಿಗೆಯು ದಾರಿ ಬದಲಾಯಿತೆಂದೇ ಭಾವಿಸುತ್ತದೆ. ಅದಕ್ಕಾಗಿ ಬಲ್ಲವರು ನಾಲಗೆಗೆ ಪ್ರತ್ಯೇಕ ಸ್ವಿಚ್ಚನ್ನು ಜೋಡಿಸಿ, ಅದರ ನಿಜಸ್ಥಿತಿಯನ್ನು ತಿಳಿದುಕೊಂಡ ಮೇಲೆಯೇ ಗಾಡಿಯನ್ನು ಬಿಡುತ್ತಾರೆ.

ನಿಜವಾದ ರೈಲ್ವೆಯಲ್ಲಿ ಇಂಟರ್‌ಲಾಕಿಂಗ್ ಎಂಬ ವ್ಯವಸ್ಥೆಯ ಉದ್ದೇಶವೂ ಇದೇ: ಪಾಯಿಂಟು ಸರಿಯಾಗಿ ಕೂತಿದೆಯೆಂದು ಖಚಿತವಾಗದೆ ಸಿಗ್ನಲು ಹಸುರಾಗಬಾರದು. ೨೦೨೩ರ ಜೂನ್ ೨ರಂದು ಒಡಿಶಾದ ಬಾಲಸೋರ್ ಜಿಲ್ಲೆಯ ಬಹಾನಗಾ ಬಜಾರ್ ನಿಲ್ದಾಣದಲ್ಲಿ ಸಿಗ್ನಲು ಮುಖ್ಯ ಹಳಿಗೆ ಅನುಮತಿಯನ್ನಿತ್ತಿತ್ತು; ಪಾಯಿಂಟು ಪಕ್ಕದ ಹಳಿಯ ಕಡೆಗಿತ್ತು. ಕೋರಮಂಡಲ್ ಎಕ್ಸ್‌ಪ್ರೆಸ್ ಅಲ್ಲಿ ನಿಂತಿದ್ದ ಸರಕುಗಾಡಿಗೆ ಅಪ್ಪಳಿಸಿತು. ೨೯೦ಕ್ಕೂ ಹೆಚ್ಚು ಜನ ಮಡಿದರು. ಸಿಗ್ನಲಿನ ತಂತಿಜೋಡಣೆಯಲ್ಲಾದ ಲೋಪಗಳು ಇದಕ್ಕೆ ಕಾರಣವೆಂದು ತನಿಖೆ ಹೇಳಿತು.

ಮೇಜಿನ ಮೇಲಣ ರೈಲಿನಲ್ಲಿ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಆದರೂ ಅದನ್ನು ಕಟ್ಟುವವನು ಎರಡು ಸಂಗತಿಗಳನ್ನು ಕೈಯಾರೆ ಕಲಿಯುತ್ತಾನೆ: ಯಾರಿಗೆ ಹೇಳುತ್ತಿದ್ದೇವೆಂಬುದು ಸ್ಪಷ್ಟವಾಗಿರಬೇಕು, ಹೇಳಿದ್ದು ನಡೆಯಿತೆ ಎಂದು ಕೇಳಿ ತಿಳಿಯಬೇಕು. ಎರಡನೆಯದನ್ನು ಕಲಿಸುವುದಾದರೆ ಈ ಆಟಿಕೆಗೆ ಶಾಲೆಗಳಲ್ಲಿ ಒಂದು ಮೇಜು ಕೊಟ್ಟರೂ ತಪ್ಪಿಲ್ಲ.

(ಬಾನುಲಿ ಭಾಷಣ)