ವಿದ್ಯಾರ್ಥಿಯೂ ಪುಸ್ತಕದ ಪೇಟೆಯೂ

ಸರಕಾರಿ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಪಠ್ಯಪುಸ್ತಕಗಳು ಉಚಿತವಾಗಿ ದೊರೆಯುತ್ತವೆ. ಕಾಲೇಜಿನ ಹೊಸ್ತಿಲು ದಾಟಿದೊಡನೆ ಅವುಗಳ ಬೆಲೆಯು ತಂದೆತಾಯಿಗಳ ಮೇಲೆ ಬೀಳುತ್ತದೆ. ದೇವದುರ್ಗದಂಥ ಊರಿನ ಬಡ ವಿದ್ಯಾರ್ಥಿಗೆ ಪುಸ್ತಕದ ಪೇಟೆಯ ಪರಿಚಯವು ಓದಿನಷ್ಟೇ ಅವಶ್ಯವೆಂದು ನಾವು ತಿಳಿಯುತ್ತೇವೆ.

ದೇವದುರ್ಗಕ್ಕೆ ರೈಲಿಲ್ಲ, ಬಸ್ಸಿನಲ್ಲಿ ರಾಯಚೂರಿಗೆ ಬರಬೇಕು. ಮುಂಬಯಿ ಮದರಾಸುಗಳ ರೈಲುಹಾದಿಗಳು 1871ರಲ್ಲಿ ಕೂಡಿದುದು ಇಲ್ಲಿಯೇ. ಇಲ್ಲಿಂದ ರೈಲಿನಲ್ಲಿ ಹೈದರಾಬಾದಿಗೆ ಹೋದರೆ, ಕೋಠಿಯ ಅಂಗಡಿಗಳಲ್ಲಿ ಹೊಸ ಹಳೆಯ ಪಠ್ಯಗ್ರಂಥಗಳೆರಡೂ ಉಂಟು. ಆಬಿಡ್ಸಿನ ಬೀದಿಯ ಅಂಚಿನಲ್ಲಿ ಭಾನುವಾರದ ದಿನ ಹಳೆಯ ಪುಸ್ತಕಗಳನ್ನು ಹರಡಿರುತ್ತಾರೆ. ಕನ್ನಡ ಗ್ರಂಥಗಳಿಗಾದರೋ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ, 1933ರಲ್ಲಿ ಹುಟ್ಟಿದ ಧಾರವಾಡದ ಮನೋಹರ ಗ್ರಂಥಮಾಲೆ, ಬೆಂಗಳೂರಿನ ಅವೆನ್ಯೂ ರಸ್ತೆ, ಇವುಗಳನ್ನು ನೆನೆಯತಕ್ಕುದು.

ಆದರೆ ದಾರಿಯ ಖರ್ಚು ಉಳಿತಾಯವನ್ನು ನುಂಗಬಾರದು. ಹತ್ತು ಮಂದಿ ಕೂಡಿ ಪಟ್ಟಿ ಮಾಡಿ ಒಬ್ಬರನ್ನು ಕಳುಹಿಸಿದರೆ ವೆಚ್ಚವು ಹಂಚಿಹೋಗುವುದು; ದೂರ ಪ್ರಯಾಣಕ್ಕೆ ಮನೆಯವರ ಒಪ್ಪಿಗೆ ದೊರೆಯದ ಹೆಣ್ಣುಮಕ್ಕಳಿಗೂ ಪುಸ್ತಕವು ಕೈಸೇರುವುದು.

ಗಣಿತ, ವ್ಯಾಕರಣ, ನಿಘಂಟುಗಳನ್ನು ಹಳೆಯವನ್ನೇ ಕೊಳ್ಳಬಹುದು. ಕಾನೂನು, ತೆರಿಗೆ ಮೊದಲಾದ, ವರ್ಷವರ್ಷಕ್ಕೆ ಬದಲಾಗುವ ವಿಷಯಗಳಿಗೆ ಹೊಸ ಆವೃತ್ತಿಯೇ ಬೇಕು. ಹಣ ಕೊಡುವ ಮುನ್ನ ಆವೃತ್ತಿಯ ವರ್ಷವನ್ನು ಪಠ್ಯಕ್ರಮದೊಡನೆ ಹೋಲಿಸಿ, ಹಾಳೆಗಳನ್ನು ಎಣಿಸಿ ನೋಡುವುದು ಲೇಸು.

ಎಲ್ಲಕ್ಕಿಂತ ಅಗ್ಗದ ಅಂಗಡಿಯೆಂದರೆ ಮೇಲಿನ ತರಗತಿಯ ವಿದ್ಯಾರ್ಥಿಯೇ. ಪರೀಕ್ಷೆ ಮುಗಿದ ಪುಸ್ತಕವನ್ನು ಅಟ್ಟಕ್ಕೇರಿಸದೆ ಕೆಳಗಿನ ತರಗತಿಯವರಿಗೆ ದಾಟಿಸಿದರೆ, ದೇವದುರ್ಗದಲ್ಲಿಯೇ ಒಂದು ಪುಸ್ತಕದ ಪೇಟೆ ನೆಲೆಗೊಂಡಂತಾಗುವುದು.