ಬೇಸ್‌ಮೆಂಟಿನ ಪಂಪು ನೀರೆತ್ತದಿದ್ದರೆ

ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ, ಇಳಿಜಾರು ಮುಗಿಯುವ ಕಡೆಯಲ್ಲೋ ಮೂಲೆಯಲ್ಲೋ, ಕಬ್ಬಿಣದ ಜಾಲರಿ ಮುಚ್ಚಿದ ಒಂದು ಗುಂಡಿ ಇರುತ್ತದೆ. ರ‍್ಯಾಂಪಿನಿಂದ ಇಳಿದ ಮಳೆನೀರು, ಗೋಡೆಯಿಂದ ಒಸರಿದ ನೀರು, ಕಾರು ತೊಳೆದ ನೀರು ಎಲ್ಲವೂ ಸೇರುವುದು ಅಲ್ಲಿಗೆ. ರಸ್ತೆಯ ಚರಂಡಿ ಗುಂಡಿಗಿಂತ ಎತ್ತರದಲ್ಲಿರುವುದರಿಂದ ನೀರು ತಾನಾಗಿ ಹೊರಗೆ ಹರಿಯುವುದಿಲ್ಲ; ಗುಂಡಿಯಲ್ಲಿ ಮುಳುಗಿರುವ ಸಬ್‌ಮರ್ಸಿಬಲ್ ಪಂಪು ಅದನ್ನು ಮೇಲೆತ್ತಬೇಕು. ವರ್ಷದ ಬಹುಪಾಲು ಈ ಪಂಪಿಗೆ ಹೆಚ್ಚು ಕೆಲಸವಿಲ್ಲ. ಕೆಲಸ ಬೀಳುವುದು ಜೋರು ಮಳೆಯಲ್ಲಿ. ಅದು ಕೆಟ್ಟಿದೆ ಎಂದು ಗೊತ್ತಾಗುವುದೂ ಆಗಲೇ.

500 ಚದರ ಮೀಟರ್ ಬೇಸ್‌ಮೆಂಟಿನಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಅದು 50,000 ಲೀಟರ್. ನಿಮಿಷಕ್ಕೆ 200 ಲೀಟರ್ ಎತ್ತುವ ಪಂಪಿಗೂ ಅಷ್ಟನ್ನು ಖಾಲಿ ಮಾಡಲು ನಾಲ್ಕು ಗಂಟೆಗಿಂತ ಹೆಚ್ಚು ಬೇಕು. ಹಾಗಾಗಿ ದೋಷ ಎಲ್ಲಿದೆ ಎಂದು ಬೇಗ ತಿಳಿಯಬೇಕು. ಪಂಪು ನಿಂತರೆ ‘ಕಾಯಿಲ್ ಸುಟ್ಟಿದೆ’ ಎಂದು ತೀರ್ಮಾನಿಸಿ ಬಿಚ್ಚಿ ಅಂಗಡಿಗೆ ಕಳಿಸುವುದು ರೂಢಿ. ಆದರೆ ಎಷ್ಟೋ ಸಲ ಮೋಟಾರು ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಫ್ಲೋಟೋ ಪೈಪೋ ಸ್ವಿಚ್ಚೋ ಆಗಿರುತ್ತದೆ. ಹೊರಗಿನಿಂದ ಒಳಕ್ಕೆ ಒಂದೊಂದಾಗಿ ನೋಡುತ್ತ ಹೋಗುವುದೇ ಸರಿಯಾದ ಕ್ರಮ.

ಮೊದಲು ಕರೆಂಟು ತೆಗೆಯಬೇಕು

2025ರ ಮೇ ತಿಂಗಳ ಮಳೆಯಲ್ಲಿ ಬೆಂಗಳೂರಿನ ಬಿ.ಟಿ.ಎಂ. ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿ, ತುಂಬಿದ ನೀರನ್ನು ಪಂಪಿನಿಂದ ಹೊರಹಾಕುವ ಪ್ರಯತ್ನದಲ್ಲಿ ವಿದ್ಯುತ್ ತಗುಲಿ ಇಬ್ಬರು ಜೀವ ಕಳೆದುಕೊಂಡರು. ಅವರಲ್ಲಿ ಒಬ್ಬ ಬಾಲಕ. ನಿಂತ ನೀರು, 230 ವೋಲ್ಟ್ ವಿದ್ಯುತ್ತು, ಬರಿಗಾಲು ಮೂರೂ ಸೇರಿದಾಗ ತಪ್ಪು ತಿದ್ದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಬೇಸ್‌ಮೆಂಟಿನಲ್ಲಿ ನೀರು ನಿಂತಿದ್ದರೆ ಯಾರೂ ಅದರೊಳಗೆ ಇಳಿಯಬಾರದು. ಒಣ ಜಾಗದಲ್ಲಿರುವ ಮುಖ್ಯ ಸ್ವಿಚ್ಚಿನಿಂದ ಆ ಭಾಗದ ಕರೆಂಟನ್ನು ಮೊದಲು ತೆಗೆಯಬೇಕು. ಮೀಟರ್ ಬೋರ್ಡಿಗೇ ನೀರು ತಲುಪಿದ್ದರೆ ವಿದ್ಯುತ್ ಕಂಪನಿಗೆ ತಿಳಿಸಿ ಕಂಬದಿಂದಲೇ ಸಂಪರ್ಕ ತೆಗೆಸಬೇಕು. ಪಂಪನ್ನು ಕೇಬಲ್ ಹಿಡಿದು ಎಳೆಯಬಾರದು. ಹಿಡಿಕೆಗೆ ಕಟ್ಟಿದ ಹಗ್ಗದಿಂದ ಎತ್ತಬೇಕು. ಗುಂಡಿಗೆ ಶೌಚದ ನೀರೂ ಬರುತ್ತಿದ್ದರೆ ಅದರಲ್ಲಿ ವಿಷಾನಿಲ ತುಂಬಿರಬಹುದು, ಒಳಗೆ ಯಾರನ್ನೂ ಇಳಿಸಲೇಬಾರದು.

ಪಂಪು ಸದ್ದೇ ಮಾಡದಿದ್ದರೆ

ಸದ್ದೇ ಇಲ್ಲವೆಂದರೆ ಮೋಟಾರಿಗೆ ಕರೆಂಟು ತಲುಪುತ್ತಿಲ್ಲ ಎಂದು ಮೊದಲು ಅನುಮಾನಿಸಬೇಕು. ಬೋರ್ಡಿನಲ್ಲಿ ಎಂಸಿಬಿ ಬಿದ್ದಿದೆಯೇ, ಆರ್‌ಸಿಸಿಬಿ ಬಿದ್ದಿದೆಯೇ ಎಂದು ನೋಡಬೇಕು. ಇವೆರಡರ ಕೆಲಸ ಬೇರೆ ಬೇರೆ. ಎಂಸಿಬಿ ಬೀಳುವುದು ಶಾರ್ಟ್ ಸರ್ಕ್ಯೂಟ್ ಆದಾಗ ಅಥವಾ ಮೋಟಾರು ಮಿತಿಮೀರಿ ಕರೆಂಟು ಎಳೆದಾಗ. ಆರ್‌ಸಿಸಿಬಿ ಬೀಳುವುದು ಕರೆಂಟು ನೀರಿಗೋ ಪಂಪಿನ ಮೈಗೋ ಸೋರಿದಾಗ. ಜೀವ ಕಾಯಲು ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿಕೆಗೇ ಬೀಳಬೇಕು. ಮತ್ತೆ ಮತ್ತೆ ಬೀಳುವ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ಪಂಪು ಓಡಿಸುವುದು ಸಾವಿಗೆ ದಾರಿ ಮಾಡಿಕೊಟ್ಟಂತೆ.

ಕರೆಂಟು ಸರಿಯಿದ್ದರೆ ಮುಂದಿನದು ಫ್ಲೋಟ್. ಕೇಬಲ್ಲಿಗೆ ಜೋತುಬಿದ್ದ ಈ ಪ್ಲಾಸ್ಟಿಕ್ ಡಬ್ಬಿ ನೀರಿನ ಜೊತೆ ಮೇಲೇರಿದಾಗ ಒಳಗಿನ ಸ್ವಿಚ್ಚು ಕೂಡಿ ಪಂಪು ಓಡುತ್ತದೆ, ಕೆಳಗಿಳಿದಾಗ ನಿಲ್ಲುತ್ತದೆ. ಅದು ಪೈಪಿಗೆ ಸುತ್ತಿಕೊಂಡರೆ, ಗೋಡೆಗೆ ಸಿಕ್ಕಿಕೊಂಡರೆ ಅಥವಾ ಹೂಳಿನಲ್ಲಿ ಹೂತರೆ ಗುಂಡಿ ತುಂಬಿದರೂ ಪಂಪಿಗೆ ತಿಳಿಯುವುದಿಲ್ಲ. ನೆಲ ಒಣಗಿದ್ದಾಗ ಮೇಲಿನಿಂದಲೇ ಒಣಗಿದ ಮರದ ಕೋಲಿನಿಂದ ಫ್ಲೋಟನ್ನು ಎತ್ತಿ ನೋಡಬಹುದು. ಪಂಪು ಶುರುವಾದರೆ ಫ್ಲೋಟು ಸಿಕ್ಕಿಕೊಂಡಿತ್ತು ಎಂದರ್ಥ. ಎತ್ತಿದರೂ ಶುರುವಾಗದೆ, ನೇರ ಸಂಪರ್ಕದಲ್ಲಿ ಓಡಿದರೆ ಫ್ಲೋಟು ಕೆಟ್ಟಿದೆ. ಈ ಎರಡನೆಯ ಪರೀಕ್ಷೆಯನ್ನು ಎಲೆಕ್ಟ್ರಿಷಿಯನ್ನೇ ಮಾಡಬೇಕು. ಫ್ಲೋಟಿನ ಬದಲಾವಣೆಗೆ ಹೊಸ ಪಂಪಿನ ಖರ್ಚು ಬೇಕಿಲ್ಲ.

ಗುಂಯ್ ಎಂದರೂ ತಿರುಗದಿದ್ದರೆ

ಗುಂಯ್‌ಗುಡುವ ಮೋಟಾರಿಗೆ ಕರೆಂಟು ಬಂದಿದೆ, ಆದರೆ ಅದಕ್ಕೆ ತಿರುಗಲಾಗುತ್ತಿಲ್ಲ. ಹಾಗೇ ಬಿಟ್ಟರೆ ವೈಂಡಿಂಗ್ (ಮೋಟಾರಿನ ಕಾಯಿಲ್) ಸುಡುತ್ತದೆ, ಕೂಡಲೇ ಆಫ್ ಮಾಡಬೇಕು. ಪಂಪನ್ನು ಮೇಲೆತ್ತಿ ತಳದ ಜಾಲರಿ ಬಿಚ್ಚಿದರೆ ನೀರನ್ನು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್ ಕಾಣುತ್ತದೆ. ಪ್ಲಾಸ್ಟಿಕ್ ಕವರು, ಗೋಣಿದಾರ, ಬಟ್ಟೆಯ ಚೂರು, ಜಲ್ಲಿಕಲ್ಲು ಅಲ್ಲಿ ಸಿಕ್ಕಿಕೊಂಡಿರುವುದು ಸಾಮಾನ್ಯ. ಅವನ್ನು ತೆಗೆದ ಮೇಲೆ ಇಂಪೆಲ್ಲರ್ ಕೈಯಲ್ಲಿ ಸರಾಗವಾಗಿ ತಿರುಗಬೇಕು. ಸರಾಗವಾಗಿ ತಿರುಗಿಯೂ ಕರೆಂಟು ಕೊಟ್ಟಾಗ ಗುಂಯ್ ಎಂದಷ್ಟೇ ಸದ್ದು ಮಾಡಿದರೆ, ಸಿಂಗಲ್ ಫೇಸ್ ಪಂಪಿನಲ್ಲಿ ಕೆಪಾಸಿಟರ್ ಹೋಗಿರುವ ಸಾಧ್ಯತೆ ಹೆಚ್ಚು. ಸ್ವಿಚ್ಚು ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ಅನುಭವವಿಲ್ಲದವರು ಅದನ್ನು ಮುಟ್ಟಬಾರದು.

ಓಡುತ್ತದೆ, ನೀರು ಬರುವುದಿಲ್ಲ

ಇಲ್ಲಿ ನಾಲ್ಕು ಕಾರಣ ಹುಡುಕಬೇಕು. ಒಂದು, ಗಾಳಿ. ಒಣಗಿದ ಪಂಪನ್ನು ನೆಟ್ಟಗೆ ನೀರಿಗಿಳಿಸಿದರೆ ಇಂಪೆಲ್ಲರಿನ ಸುತ್ತ ಗಾಳಿ ಸಿಕ್ಕಿಕೊಳ್ಳುತ್ತದೆ. ಇಂಪೆಲ್ಲರ್ ನೀರನ್ನು ತಳ್ಳಬಲ್ಲದು, ಗಾಳಿಯನ್ನು ಅಷ್ಟು ಬಲವಾಗಿ ತಳ್ಳಲಾರದು. ಕರೆಂಟು ತೆಗೆದು, ಹಗ್ಗದಿಂದ ಪಂಪನ್ನು ಓರೆ ಮಾಡಿ ಮತ್ತೆ ಇಳಿಸಿದರೆ ಗುಳ್ಳೆಗಳೆದ್ದು ಗಾಳಿ ಹೊರಬೀಳುತ್ತದೆ. ಎತ್ತಿದ ನೀರು ಮರಳದಂತೆ ತಡೆಯುವ ನಾನ್ ರಿಟರ್ನ್ ವಾಲ್ವಿನ ಕೆಳಗೆ ಪೈಪಿನಲ್ಲಿ ಸಣ್ಣ ತೂತು ಬಿಟ್ಟಿರುವುದೂ ಈ ಗಾಳಿಗಾಗಿಯೇ. ಅದರಿಂದ ನೀರು ಚಿಮ್ಮುವುದನ್ನು ಕಂಡು ಸೋರಿಕೆಯೆಂದು ಮುಚ್ಚಿಬಿಡಬಾರದು.

ಎರಡು, ಪೈಪು. ಹೋಸು ಮಡಚಿಕೊಂಡಿರಬಹುದು, ಹೊರತುದಿ ಕಸದಿಂದ ಕಟ್ಟಿರಬಹುದು, ವಾಲ್ವಿನ ಬಾಗಿಲು ತುಕ್ಕು ಹಿಡಿದು ತೆರೆಯದಿರಬಹುದು. ಅದೇ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಎತ್ತಿದ ನೀರು ಗುಂಡಿಗೇ ಮರಳಿ, ಪಂಪು ಗಳಿಗೆಗೊಮ್ಮೆ ಶುರುವಾಗಿ ನಿಲ್ಲುತ್ತಿರುತ್ತದೆ. ಮೂರು, ತಿರುಗುವ ದಿಕ್ಕು. ವೈರಿಂಗ್ ಮುಟ್ಟಿದ ಮೇಲೆ ತ್ರೀ ಫೇಸ್ ಪಂಪು ಸ್ವಲ್ಪವೇ ನೀರೆತ್ತುತ್ತಿದ್ದರೆ ಅದು ಉಲ್ಟಾ ತಿರುಗುತ್ತಿರಬಹುದು. ಎಲೆಕ್ಟ್ರಿಷಿಯನ್ ಎರಡು ಫೇಸುಗಳನ್ನು ಅದಲು ಬದಲು ಮಾಡಿದರೆ ಸರಿಹೋಗುತ್ತದೆ. ನಾಲ್ಕು, ಎತ್ತರ. ಪ್ರತಿ ಪಂಪಿನ ನಾಮಫಲಕದಲ್ಲೂ ಅದು ಎಷ್ಟು ಮೀಟರಿನವರೆಗೆ ನೀರೆತ್ತಬಲ್ಲದೆಂದು ಬರೆದಿರುತ್ತದೆ. ಆ ಗರಿಷ್ಠ ಎತ್ತರದಲ್ಲಿ ನೀರು ಹೊರಬೀಳುವುದೇ ಇಲ್ಲ. ಪೈಪಿನ ಉದ್ದ, ತಿರುವುಗಳೂ ಪಂಪಿನ ಎತ್ತುವ ಶಕ್ತಿಯನ್ನು ತಿನ್ನುತ್ತವೆ.

ನಿಂತು ನಿಂತು ಓಡಿದರೆ

ಸ್ವಲ್ಪ ಹೊತ್ತು ಓಡಿ, ನಿಂತು, ತಣಿದ ಮೇಲೆ ಮತ್ತೆ ಶುರುವಾಗುವ ಪಂಪಿನಲ್ಲಿ ಶಾಖದ ರಕ್ಷಣಾ ಸ್ವಿಚ್ಚು ಕೆಲಸ ಮಾಡುತ್ತಿರುತ್ತದೆ. ಈ ಮೋಟಾರುಗಳನ್ನು ತಂಪಾಗಿಡುವುದು ಸುತ್ತಲಿನ ನೀರೇ. ಹೂಳು ಮುತ್ತಿಕೊಂಡರೆ, ನೀರಿಲ್ಲದೆ ಓಡಿದರೆ, ವೋಲ್ಟೇಜ್ ಕಡಿಮೆಯಿದ್ದರೆ ಬಿಸಿ ಏರುತ್ತದೆ. ಕಾರಣ ತಿಳಿಯದೆ ಓಡಿಸುತ್ತಲೇ ಇದ್ದರೆ ವೈಂಡಿಂಗ್ ಹಾಳಾಗುತ್ತದೆ.

ಅಂಗಡಿಗೆ ಒಯ್ಯಬೇಕಾದುದು ಯಾವಾಗ

ಕರೆಂಟು, ಫ್ಲೋಟು, ಇಂಪೆಲ್ಲರ್, ಪೈಪು ಎಲ್ಲ ಸರಿಯಿದ್ದೂ ಪಂಪು ಓಡದಿದ್ದರೆ ಆಗ ಮೋಟಾರಿನ ಸರದಿ. ಮೆಕ್ಯಾನಿಕ್ 500 ವೋಲ್ಟಿನ ಮೆಗ್ಗರಿನಿಂದ ವೈಂಡಿಂಗಿಗೂ ಪಂಪಿನ ಮೈಗೂ ನಡುವಿನ ನಿರೋಧ ಅಳೆಯುತ್ತಾರೆ. ಅದು 1 ಮೆಗಾಓಮಿಗಿಂತ ಕಡಿಮೆಯಿದ್ದರೆ ಒಳಗೆ ತೇವ ಸೇರಿದೆ ಅಥವಾ ಇನ್ಸುಲೇಷನ್ ಹೋಗಿದೆ. ಎಣ್ಣೆ ತುಂಬಿದ ಪಂಪಿನಲ್ಲಿ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಮೆಕ್ಯಾನಿಕಲ್ ಸೀಲ್ ಸವೆದು ನೀರು ನುಗ್ಗಿದೆ. ಸೀಲ್ ಬದಲಿಸದೆ ವೈಂಡಿಂಗ್ ಮಾತ್ರ ಮಾಡಿಸಿದರೆ ಅದೇ ದೋಷ ಮರುಕಳಿಸುತ್ತದೆ. ಕೇಬಲ್ ತುಂಡಾಗಿದ್ದರೆ ಟೇಪು ಸುತ್ತಿ ನೀರಿಗೆ ಬಿಡಬಾರದು. ಇಡೀ ಕೇಬಲ್ಲನ್ನೇ ಬದಲಿಸಬೇಕು.

ಮಳೆಗೆ ಮುಂಚೆ

ಇಷ್ಟೆಲ್ಲ ತೊಂದರೆಯಲ್ಲಿ ಬಹುಪಾಲನ್ನು ತಪ್ಪಿಸಲು ಏಪ್ರಿಲ್ ಹೊತ್ತಿಗೆ ಒಂದು ಬೆಳಗ್ಗೆ ಮೀಸಲಿಟ್ಟರೆ ಸಾಕು. ಹೂಳು ತೆಗೆಸಿ, ಪಂಪನ್ನು ತಳದಿಂದ ಸ್ವಲ್ಪ ಎತ್ತರದಲ್ಲಿ ಇಟ್ಟಿಗೆಯ ಮೇಲೆ ಕೂರಿಸಿ, ಗುಂಡಿಗೆ ನೀರು ಸುರಿದು, ಫ್ಲೋಟು ತಾನಾಗಿ ಎದ್ದು ಪಂಪು ಶುರುವಾಗಿ ನಿಲ್ಲುವುದನ್ನು ಕಣ್ಣಾರೆ ನೋಡಬೇಕು. ಆರ್‌ಸಿಸಿಬಿಯ ಟೆಸ್ಟ್ ಬಟನ್ನನ್ನೂ ಒತ್ತಿ ನೋಡಬೇಕು. ಜೋರು ಮಳೆಯಲ್ಲಿ ಕರೆಂಟು ಹೋಗುವುದು ಸಾಮಾನ್ಯವಾದ್ದರಿಂದ ಪಂಪಿನ ಲೈನು ಜನರೇಟರಿಗೆ ಸೇರಿರಬೇಕು. ಬಾಡಿಗೆಗೆ ಪೆಟ್ರೋಲ್ ಪಂಪು ತಂದರೆ ಅದನ್ನು ಬೇಸ್‌ಮೆಂಟಿನ ಹೊರಗಿಟ್ಟೇ ಓಡಿಸಬೇಕು. ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಮುಚ್ಚಿದ ಜಾಗದಲ್ಲಿ ಕೊಲ್ಲುತ್ತದೆ. ಮುಖ್ಯ ಸ್ವಿಚ್ಚು ಎಲ್ಲಿದೆ, ನೀರು ಏರಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದು ವಾಚ್‌ಮನ್ ಸೇರಿದಂತೆ ಕಟ್ಟಡದ ಎಲ್ಲರಿಗೂ ತಿಳಿದಿರಬೇಕು.